ಖಾಲಿ ಬಂದ ಬುತ್ತಿ ಡಬ್ಬಿ

ಆ ಸೆರೆಮನೆ ಈಗ ಸ್ಮಾರಕ. ನೀಲವ್ವನಿಗೆ ಅದನ್ನು ತೋರಿಸುತ್ತಿದ್ದ ಮುದುಕ ಹಿಂದೆ ಅದೇ ಗೇಟಿನಲ್ಲಿ ಪಹರೆಯವನಾಗಿದ್ದವನು.

"ಆಗ ನಮ್ಮನ್ನ ಒಳಗ ಬಿಡ್ತಿರಲಿಲ್ಲ" ಎಂದಳು ನೀಲವ್ವ. "ದಿನಾ ಗೇಟಿನ ಕಿಂಡ್ಯಾಗ ನನ್ನ ಗಂಡಗ ಬುತ್ತಿ ಡಬ್ಬಿ ಇಟ್ಟು ಹೋಗ್ತಿದ್ದೆ. ಸಂಜೀಕ ಖಾಲಿ ಡಬ್ಬಿ ಸಿಗ್ತಿತ್ತು. ಮನ್ಯಾಗ ಒಂದು ಲೋಟಾನೂ ತೊಳೀದ ಮನಶ್ಯಾ, ಇಲ್ಲಿಂದ ಡಬ್ಬಿ ಲಕಲಕ ತೊಳದು ಕಳಿಸ್ತಿದ್ರು. ಅದನ್ನ ನೋಡಿ, ಜೀವಂತ ಅದಾರ ಅಂತ ಸಮಾಧಾನ ಮಾಡ್ಕೊಂತಿದ್ದೆ."

"ಎಷ್ಟು ದಿನ ತಂದ್ರಿ?"

"ಹನ್ನೊಂದು ತಿಂಗಳು. ಆಮ್ಯಾಲೆ, ಎದಿನೋವು ಬಂದು ಹೋದ್ರು ಅಂತ ಕಾಗದ ಬಂತು."

ಕೊನೆಯ ಕೋಣೆಯಲ್ಲಿ, ಇಲ್ಲಿ ಸತ್ತವರ ಹೆಸರುಗಳನ್ನು ಕೆತ್ತಿದ ಕಲ್ಲಿತ್ತು. ಗಂಡನ ಹೆಸರನ್ನು ಸವರುತ್ತಿದ್ದ ಅವಳ ಬೆರಳು ಪಕ್ಕದ ತಾರೀಖಿನ ಮೇಲೆ ನಿಂತುಬಿಟ್ಟಿತು. ಅದು ಅವನನ್ನು ಹಿಡಿದೊಯ್ದ ಮೂರನೆಯ ದಿನ.

"ತಪ್ಪು ಕೆತ್ಯಾರ ಇದನ್ನ. ಅವರು ಇಲ್ಲಂದ್ರ ಆ ಡಬ್ಬಿ ಖಾಲಿ ಮಾಡಿದವರು ಯಾರು?"

ಮುದುಕ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿಮ್ಮ ಬದನಿಕಾಯಿ ಎಣಗಾಯಿ ಭಾಳ ರುಚಿ ಇರ್ತಿತ್ರೀ, ಅವ್ವಾರ."