ಜೂನ್ ತಿಂಗಳ ಸೊನ್ನೆ

ಜೂನ್‌ನಲ್ಲಿ ಇಡೀ ತರಗತಿಗೆ ಸೊನ್ನೆ. ಮಾರ್ಚ್‌ನಲ್ಲಿ ಅದೇ ಮಕ್ಕಳಿಗೆ ನೂರಕ್ಕೆ ತೊಂಬತ್ತು. ಜಿಲ್ಲೆಯಲ್ಲೇ ಅತಿ ಹೆಚ್ಚು ಪ್ರಗತಿ ತೋರಿದ ಶಾಲೆಯೆಂದು ಪ್ರಶಸ್ತಿಗೆ ಹೆಸರೂ ಹೋಗಿತ್ತು. ಮಕ್ಕಳ ಉತ್ತರಗಳನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚುವುದೇ ಕೆಲಸವಾಗಿದ್ದ ಕುಮುದಾ ಮಾತ್ರ ಆ ಸೊನ್ನೆಗಳನ್ನು ನಂಬದೆ ಶಾಲೆಗೇ ಬಂದಿದ್ದಳು.

ಹೆಡ್‌ಮಾಸ್ಟರು ಎಳನೀರು ತರಿಸಿದರು. ಅವಳು ಮುಟ್ಟಲಿಲ್ಲ.

“ಓ ಅಂದ್ರೆ ಠೋ ಅನ್ನೋಕೆ ಬರ್ತಿರ್ಲಿಲ್ಲ ಮೇಡಂ ಇವಕ್ಕೆ. ತಿದ್ದಿ ತೀಡಿ ಇಲ್ಲೀವರೆಗೆ ತಂದಿದೀನಿ.”

“ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರ್ತೀವಿ ಸರ್. ಏನೂ ಬರದ ಮಗು ಕಣ್ಮುಚ್ಚಿ ಗುರುತು ಹಾಕಿದ್ರೂ ಅಲ್ಲೊಂದು ಇಲ್ಲೊಂದು ಸರಿ ಬೀಳತ್ತೆ. ನಿಮ್ಮ ಮಕ್ಕಳದ್ದು ಒಂದೂ ಬಿದ್ದಿಲ್ಲ. ಅಷ್ಟೂ ತಪ್ಪಾಗಬೇಕು ಅಂದ್ರೆ ಅಷ್ಟೂ ಗೊತ್ತಿರಬೇಕು.”

ಹೆಡ್‌ಮಾಸ್ಟರು ಹಲ್ಲು ಕಿರಿದರು. “ನಮ್ಮ ಮಕ್ಕಳ ದಡ್ಡತನ ನಿಮ್ಮ ಕಂಪ್ಯೂಟರಿಗೆ ಎಲ್ಲಿ ಅರ್ಥ ಆಗ್ಬೇಕು ಬಿಡಿ. ಬೇಕಾದ್ರೆ ಈಗ್ಲೇ ಇನ್ನೊಂದ್ಸಲ ಬರೆಸಿ ನೋಡಿ.”

ಕುಮುದಾ ಎದ್ದಳು. ನೇರ ತರಗತಿಗೆ ಹೋಗಿ ತಾನು ತಂದಿದ್ದ ಪ್ರಶ್ನೆಪತ್ರಿಕೆ ಹಂಚಿದಳು. ಹೆಡ್‌ಮಾಸ್ಟರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

ಮಕ್ಕಳು ಪೆನ್ಸಿಲ್ ಹಿಡಿದು ಸುಮ್ಮನೆ ಕೂತೇ ಇದ್ದರು. ಎಲ್ಲರ ಕಣ್ಣೂ ಬಾಗಿಲ ಕಡೆಗಿತ್ತು.

“ಯಾಕ್ರಪ್ಪಾ, ಬರೀರಿ,” ಎಂದಳು ಕುಮುದಾ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಬಾಗಿಲಿಗೆ ಕೈಮುಗಿದು, ವಿನಯದಿಂದ ಕೇಳಿದಳು:

“ಸಾರ್, ಇದು ತಪ್ಪು ಬರಿಯೋ ಪರೀಕ್ಷೆನಾ, ಸರಿ ಬರಿಯೋ ಪರೀಕ್ಷೆನಾ?”