ಇನ್ನಷ್ಟು ಹಾರ್ಮೋನ್

ಮೂರು ವರ್ಷದಿಂದ ಆ ಸಂಶೋಧನಾ ವಿದ್ಯಾರ್ಥಿನಿಯ ಬಾಟಲಿಗಳಲ್ಲಿ ಗಂಧದ ಗಿಡದ ಜೀವಕೋಶಗಳು ಬರೀ ಮುದ್ದೆಯಾಗಿ ಬೆಳೆಯುತ್ತಿದ್ದವು. ಒಂದೂ ಭ್ರೂಣವಾಗಿ, ಅಂದರೆ ಎಳೆ ಸಸಿಯ ಮೊಳಕೆಯಾಗಿ, ಏಳಲಿಲ್ಲ. "ಹಾರ್ಮೋನ್ ಜಾಸ್ತಿ ಮಾಡಮ್ಮ" ಎಂದು ಪ್ರತಿ ಸಲ ಹೇಳುತ್ತಿದ್ದ ಗೈಡ್ ನಿನ್ನೆ ಬೇರೆಯೇ ಹೇಳಿದ್ದರು: "ನಾಳೆ ಸಂಜೆಯೊಳಗೆ ಒಂದಾದ್ರೂ ಭ್ರೂಣ ತೋರಿಸು. ಇಲ್ಲಾಂದ್ರೆ ಪಿಎಚ್‌ಡಿ ಬಿಡು."

ಬೆಳಿಗ್ಗೆ ಬಾಟಲಿಗಳನ್ನಿಟ್ಟ ಕಲ್ಚರ್ ಕೋಣೆಗೆ ಬಂದರೆ ಕೊನೆಯ ಸಾಲು ಖಾಲಿ.

"ಕೆಂಚಣ್ಣ, ಇಲ್ಲಿದ್ದ ಬಾಟಲಿ?"

ಲ್ಯಾಬ್ ಅಟೆಂಡರ್ ತಲೆ ಕೆರೆದುಕೊಂಡ. "ತಪ್ಪಾಯ್ತು ಮೇಡಂ. ಹೋದ ತಿಂಗಳು ಈ ಸಾಲಿಗೆ ಹಾರ್ಮೋನ್ ಸಾಲ್ಲಿಲ್ಲ. ಬೈತೀರಂತ ಹೇಳ್ಲಿಲ್ಲ, ಹಾಕ್ದೇನೇ ಕೋಶ ಬೆಳೆಯೋ ಮೀಡಿಯಾ ಮಾಡ್ಬಿಟ್ಟೆ."

"ಬಿಡಿ, ಹಾಕಿದ್ರೂ ಅಷ್ಟೆ. ಬಾಟಲಿ ಎಲ್ಲಿ?"

"ಕೆಟ್ಟೋಗಿತ್ತು ಮೇಡಂ. ಮುದ್ದೆ ತುಂಬಾ ಹಸಿರು ಮೊಳಕೆ ಎದ್ದಿತ್ತು. ನೀವು ನೋಡೋ ಮುಂಚೆ ಆಟೋಕ್ಲೇವಿಗೆ ಹಾಕಿ ಬೇಯಿಸ್ಬಿಟ್ಟೆ."