ಟ್ಯಾಂಕಿಗೆ ಸುತ್ತಿದ ಕೆಂಪು ಪಟ್ಟೆ

ಪೇಂಟ್ ಡಬ್ಬಿಯ ಮುಚ್ಚಳ ತೆಗೆದರೆ ಇವತ್ತಿಗೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಗುಬ್ಬಿ ರಸ್ತೆಯ ನಮ್ಮೂರಿನಲ್ಲಿ ಗೋಪುರದಂಥ ನೀರಿನ ಟ್ಯಾಂಕಿತ್ತು. ಪೇಂಟರ್ ಆಗಿದ್ದ ಅಪ್ಪ ಅದಕ್ಕೆ ಬಿಳಿ ಹೊಡೆಯುತ್ತಿದ್ದರು. ನನ್ನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಒಂದು ಲೈಟ್‌ಹೌಸ್ ಇತ್ತು. ಬಿಳಿ ಮೈಗೆ ಒಂದರ ಮೇಲೊಂದು ಕೆಂಪು ಪಟ್ಟೆಗಳು ಸುತ್ತಿಕೊಂಡಿದ್ದವು. ಹಾಗೇ ಹೊಡಿ ಎಂದು ಹಟ ಹಿಡಿದೆ.

“ಇದು ಹಡಗಿಗೆ ದಾರಿ ತೋರ್ಸುತ್ತೆ ಕಣಪ್ಪಾ.”

“ನಮ್ಮೂರಿಗೆ ಯಾವ್ ಹಡಗ್ಲಾ ಬರ್ತದೆ?” ಎಂದು ನಕ್ಕ ಅಪ್ಪ ಕೆಂಪು ಡಬ್ಬಿ ತೆಗೆದೇಬಿಟ್ಟರು.

ಕೊನೆಯ ಪಟ್ಟೆ ಅರ್ಧವಾಗಿತ್ತು. ಪಂಚಾಯ್ತಿ ಮೆಂಬರು ಸ್ಕೂಟರಿನಲ್ಲಿ ಬಂದರು.

“ಏನ್ಲಾ ಇದು, ಟ್ಯಾಂಕೋ ಜೋಕರ್ ಚಡ್ಡಿನೋ? ಸಂಜೆಯೊಳ್ಗೆ ಬಿಳಿ ಹೊಡಿ. ಇಲ್ಲಾಂದ್ರೆ ಇನ್ಮೇಲೆ ಈ ಊರಲ್ಲಿ ಬ್ರಷ್ ಮುಟ್ಬೇಡ!”

ಅಪ್ಪ ಬ್ರಷ್ ಕೆಳಗಿಟ್ಟರು. ನನಗೆ ಅಳು ಬಂತು.

ಅಷ್ಟರಲ್ಲಿ ತುಮಕೂರು ಬಸ್ಸು ಬಂದು ನಿಂತಿತು. ಜನ ಕಿಟಕಿಯಿಂದ ಫೋಟೋ ತೆಗೆದರು. ಕಂಡಕ್ಟರ್ ಕೂಗಿದ:

“ಲೈಟ್‌ಹೌಸ್ ಬಂತು, ಇಳೀರಿ! ಮೆಂಬ್ರೇ, ಸಮುದ್ರ ಯಾವಾಗ ತರ್ತೀರಾ? ಸಖತ್ತಾಗದೆ ಕಣ್ರೀ! ಯಾರ್ ಹೊಡ್ಸಿದ್ದು?”

ಮೆಂಬರು ಅಂಗಿ ಸರಿಮಾಡಿಕೊಂಡರು.

“ಇನ್ಯಾರು? ನಾನೇ ಹೇಳಿ ಹೊಡ್ಸಿದ್ದು.” ಆಮೇಲೆ ಅಪ್ಪನತ್ತ ತಿರುಗಿದರು. “ಏನ್ಲಾ ನಿಂತ್ಕಂಡೆ? ಕೊನೇ ಪಟ್ಟೆ ಮುಗ್ಸು.”

ಅಪ್ಪ ಬ್ರಷ್ ಎತ್ತಿಕೊಂಡರು. ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು.